ಅತ್ತೆಯ ಹೆಸರಿಗೆ ಗಿರಾಕಿ

ನಮ್ಮ ಅತ್ತೆಯ ಹೆಸರನ್ನು ನಾನು ಬಾಯಿಬಿಟ್ಟು ಹೇಳುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕತೆ ಪೂರ್ತಿ ಆ ಹೆಸರಿನದೇ. ಸೊಸೆಯಾದವಳು ಅತ್ತೆ, ಮಾವ, ಗಂಡನ ಹೆಸರು ಎತ್ತಬಾರದು ಎಂದು ಅರಕಲಗೂಡಿನ ನನ್ನ ತವರಿನಲ್ಲಿ ಹೇಳಿ ಕಳಿಸಿದ್ದರು. ಈಗಿನ ಹುಡುಗಿಯರು ಗಂಡನನ್ನು ಹೆಸರು ಹಿಡಿದು ಕೂಗುತ್ತಾರೆ. ಕೂಗಲಿ, ನನಗೇನೂ ಹೊಟ್ಟೆಯುರಿ ಇಲ್ಲ. ನನಗೆ ನಾಲಿಗೆ ಹೊರಳುವುದಿಲ್ಲ, ಅಷ್ಟೆ. ರೇಷನ್ ಸೊಸೈಟಿಯಲ್ಲಿ ಯಜಮಾನರ ಹೆಸರು ಕೇಳಿದರೆ ಪಕ್ಕದವರ ಮುಖ ನೋಡುತ್ತೇನೆ. ಅವರು ಹೇಳುತ್ತಾರೆ, ನಾನು ತಲೆ ಆಡಿಸುತ್ತೇನೆ. ಹಾಗಾಗಿ ಇಲ್ಲಿ ಗಂಡ ಎಂದರೆ ನಮ್ಮನೆಯವರು, ಅತ್ತೆ ಎಂದರೆ ಅತ್ತೆ. ನನ್ನ ಹೆಸರಿಗೆ ಅಂಥ ಮಡಿ ಏನಿಲ್ಲ. ನಾನು ಜಯಲಕ್ಷ್ಮಮ್ಮ.

ನಮ್ಮನೆಯವರು ಹೊಳೆನರಸೀಪುರದಲ್ಲಿ ಸರ್ಕಾರಿ ಕಾಲೇಜಿನ ಕಾಮರ್ಸ್ ಲೆಕ್ಚರರ್. ಮನುಷ್ಯ ಒಳ್ಳೆಯವರು, ಆದರೆ ಕೂತಲ್ಲಿ ಕೂರುವ ಜಾತಿ ಅಲ್ಲ. ಒಂದು ವರ್ಷ ಅಣಬೆ ಬೆಳೆಸಿದರು. ಒಂದು ವರ್ಷ ಮೊಲ ಸಾಕಿದರು, ಅವು ನನ್ನ ದಾಸವಾಳದ ಗಿಡ ಪೂರಾ ತಿಂದು ಬೇಲಿ ಹಾರಿದವು. ಆಮೇಲೆ ಬಂದದ್ದು ಈ ಹೆಸರಿನ ಹುಚ್ಚು. ಅದು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಹಾಸನದಲ್ಲಿ ಅವರ ಹಳೆಯ ಸ್ನೇಹಿತ ಪ್ರದ್ಯುಮ್ನ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಸೆಂಟರ್ ತೆರೆದಿದ್ದ. ಇಂಟರ್ನೆಟ್ಟಿನಲ್ಲಿ ಒಂದು ಹೆಸರು ಒಬ್ಬರಿಗೇ, ಮೊದಲು ಹೋಗಿ ಬೇಲಿ ಹಾಕಿದವನದ್ದೇ ಜಾಗ, ವರ್ಷಾವರ್ಷಾ ಕಂದಾಯ ಕಟ್ಟಿಕೊಂಡಿದ್ದರೆ ಸಾಕು, ಮುಂದೆ ಆ ಹೆಸರೇ ಬೇಕು ಎನ್ನುವವನು ನಮ್ಮ ಬಾಗಿಲಿಗೇ ಬರಬೇಕು ಎಂದು ಆತ ಇವರ ಕಿವಿಗೆ ಹಾಕಿದ. ಇವರಿಗೆ ಅಷ್ಟು ಸಾಕಾಯಿತು.

ಸರ್ಕಾರಿ ನೌಕರ ವ್ಯಾಪಾರ ಮಾಡುವ ಹಾಗಿಲ್ಲ. ಆದ್ದರಿಂದ ಹೆಸರುಗಳೆಲ್ಲ ನನ್ನ ಹೆಸರಿನಲ್ಲಿ ಆದವು. ದಾಖಲೆಯಲ್ಲಿ ನಾನು ಒಡತಿ, ಅಡುಗೆಮನೆಯಲ್ಲಿ ಅದೇ ಹಳೇ ಜಯಮ್ಮ. ಬೋಣಿಗೆ ಒಳ್ಳೆಯದಾಗಲಿ ಎಂದು ಮೊದಲು ತಮ್ಮ ತಾಯಿಯ ಹೆಸರನ್ನೇ ಕೊಂಡರು, ಹಿಂದೆ ಡಾಟ್ ಕಾಮ್ ಸೇರಿಸಿ. ಆಮೇಲೆ ಹೇಮಾವತಿ, ಕೊಬ್ಬರಿ, ಆಲೂಗಡ್ಡೆ ಎಂದು ಏನೇನೋ ಜೋಡಿಸಿ ಒಂದು ರಾಶಿ ಹೆಸರು ಕೊಂಡರು. ಆಲೂಗಡ್ಡೆಗಂತೂ ಲಕ್ಷಗಟ್ಟಲೆ ಬರುತ್ತದೆ ಎಂದು ಕುಣಿದಾಡಿದರು. ಒಂದು ನೊಣ ಕೂಡ ಅದರ ಹತ್ತಿರ ಸುಳಿಯಲಿಲ್ಲ. ಅಮೆರಿಕಾದಲ್ಲಿ ಈ ಡಾಟ್ ಕಾಮ್ ವ್ಯಾಪಾರದ ಗುಳ್ಳೆ ಒಡೆಯಿತಂತೆ, ಪ್ರದ್ಯುಮ್ನನೂ ಸುಮ್ಮನಾದ. ಇವರು ಕಂದಾಯ ಕಟ್ಟಲಾರದೆ ಹೆಸರುಗಳನ್ನು ಒಂದೊಂದಾಗಿ ಕೈಬಿಟ್ಟರು. ಅವ್ವನ ಹೆಸರನ್ನು ಮಾತ್ರ ಬಿಡಲಿಲ್ಲ. ಹೆತ್ತವಳ ಹೆಸರು ಅವಧಿ ಮುಗಿದು ಹೋಯಿತು ಅನ್ನಿಸಿಕೊಳ್ಳುವುದು ಅಪಶಕುನ ಎಂದು ಹೆದರಿದರು.

ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಅವರು ಹಳ್ಳಿಮೈಸೂರಿನ ಕಡೆಯವರು. ಮಾವ ತೀರಿಕೊಂಡ ಮೇಲೆ ಜಮೀನನ್ನು ಬೆಳೆಯ ಪಾಲಿನ ಮೇಲೆ ವಾರಕ್ಕೆ ಕೊಟ್ಟು ನಮ್ಮ ಜೊತೆ ಪೇಟೆಗೆ ಬಂದರು. ಓದು ಬರಹ ಇಲ್ಲ. ಆದರೆ ನಮ್ಮ ಮನೆಯಿಂದ ಭತ್ತವಾಗಲಿ, ತೆಂಗಿನಕಾಯಿಯಾಗಲಿ, ಕರುವಾಗಲಿ ಅವರು ಊಂ ಅನ್ನದೆ ಗೇಟು ದಾಟಿದ್ದಿಲ್ಲ. ಒಂದು ವರ್ಷ ಕಾಯಿಯ ಬೆಲೆ ಪಾತಾಳಕ್ಕೆ ಇಳಿದಾಗ, ಊರವರೆಲ್ಲ ಸಿಕ್ಕಿದಷ್ಟಕ್ಕೆ ಮಾರುತ್ತಿದ್ದರೆ, ಇವರು ಪೂರ್ತಿ ಕಾಯಿಯನ್ನು ಅಟ್ಟಕ್ಕೆ ಹಾಕಿಸಿ ಏಣಿ ತೆಗೆಸಿಬಿಟ್ಟರು. ಮುಂದಿನ ವರ್ಷ ಕೊಬ್ಬರಿ ಚಿನ್ನದ ಹಾಗೆ ಹೋಯಿತು. ಅವತ್ತಿನಿಂದ ನಮ್ಮನೆಯವರಿಗೆ ಅವ್ವನ ಊಂ ಎಂದರೆ ವೇದ. ಇನ್ನೊಂದು ಪದ್ಧತಿಯೂ ಅವರದಿತ್ತು. ಮಾರುವಾಗ ಚೀಲದ ಬಾಯಿ ಹೊಲಿಯುವ ಮೊದಲು ಒಂದು ಹಿಡಿ ಭತ್ತ ವಾಪಸು ತೆಗೆದು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಪೂರ್ತಿ ಕೊಟ್ಟರೆ ಮನೆ ಬರಿದಾಗುತ್ತದಂತೆ. ಕರು ಮಾರಿದರೆ ಹಗ್ಗ ನಮ್ಮಲ್ಲೇ ಉಳಿಯಬೇಕು, ಕೊಂಡವನು ಬೇರೆ ಹಗ್ಗ ತರಬೇಕು.

ಅವರ ಅಣ್ಣ ತಿಮ್ಮಪ್ಪನವರು ಇರುವವರೆಗೆ ತಿಂಗಳಿಗೊಮ್ಮೆ ಬಸ್ಸು ಹತ್ತಿ ಬರುತ್ತಿದ್ದರು. ಹೆಗಲ ಮೇಲೆ ಚೀಲ, ಗೇಟಿನ ಹತ್ತಿರ ನಿಂತು ತಂಗಿಯ ಹೆಸರು ಹಿಡಿದು ಬೀದಿಗೆಲ್ಲ ಕೇಳುವ ಹಾಗೆ ಒಂದು ಕೂಗು. ಅತ್ತೆ ಒಳಗಿನಿಂದಲೇ "ಓ" ಎಂದು ಓಡುತ್ತಿದ್ದರು. ಕಾಲಿಂಗ್ ಬೆಲ್ ಹಾಕಿಸಿದ್ದೇವಲ್ಲ, ಒತ್ತಬಾರದೇ ಎಂದು ನಾನು ಗೊಣಗುತ್ತಿದ್ದೆ. ತೊಂಬತ್ತೇಳರಲ್ಲಿ ಅವರೂ ಹೋದರು.

ಇನ್ನು ಗಿರಾಕಿ ಬಂದ ವಿಷಯ. ಎರಡು ಸಾವಿರದ ನಾಲ್ಕು, ಸಂಕ್ರಾಂತಿ ಕಳೆದಿತ್ತು. ನಾನೂ ಅತ್ತೆಯೂ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಫೋನು ಬಂತು. ರಿಸೀವರ್ ಎತ್ತಿದ ಕೂಡಲೇ ಗಂಡಸಿನ ದನಿಯೊಂದು ನಮ್ಮ ಅತ್ತೆಯ ಹೆಸರು ಹೇಳಿ, ಅದರ ಹಿಂದೆ "ಫುಡ್ಸ್, ಬೆಂಗಳೂರಿಂದ, ನಮಸ್ಕಾರ" ಎಂದು ಸೇರಿಸಿತು. ಯಾರೋ ಮೂರನೆಯವನು ಅತ್ತೆಯ ಹೆಸರನ್ನು ಹಾಗೆ ಮುಖದ ಮೇಲೆ ಹೇಳಿದರೆ ಏನನ್ನಬೇಕು? ನಮ್ಮ ಫೋನು ಹಳೆಯದು, ಆ ಕಡೆಯ ಮಾತು ನಡುಮನೆಗೆಲ್ಲ ಕೇಳುತ್ತಿತ್ತು. ಅತ್ತೆ ಅವರೆಕಾಯಿ ಕೈಯಲ್ಲೇ ಹಿಡಿದು ತಲೆ ಎತ್ತಿದರು.

ಆತನ ಹೆಸರು ಗಿರಿಧರ. ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ ಪ್ಯಾಕೆಟ್ ಮಾಡಿ ಮಾರುವ ಕಂಪನಿಯವನು.

"ಮೇಡಂ, ಅದು ನಮ್ಮಜ್ಜಿ ಹೆಸರು. ಅವರ ಕೈಅಳತೇಲೇ ಪುಡಿ ಮಾಡೋದು ನಾವು. ವೆಬ್‌ಸೈಟ್ ಮಾಡೋಣ ಅಂತ ನೋಡಿದ್ರೆ ಹೆಸರು ಆಗ್ಲೇ ನಿಮ್ಮದಾಗಿದೆ, ಈ ನಂಬರೂ ಆ ದಾಖಲೇಲೇ ಸಿಕ್ತು. ಹತ್ತು ಸಾವಿರ ಕೊಡ್ತೀನಿ, ಬಿಟ್ಟುಕೊಡಿ," ಅಂದ.

"ಸಾಯಂಕಾಲ ಮಾಡಿ, ನಮ್ಮನೆಯವರು ಇರ್ತಾರೆ," ಎಂದು ಇಟ್ಟುಬಿಟ್ಟೆ.

ಸಾಯಂಕಾಲ ಸುದ್ದಿ ಕೇಳಿ ನಮ್ಮನೆಯವರು ಶರ್ಟಿನ ಗುಂಡಿ ಬಿಚ್ಚುವುದನ್ನೂ ಮರೆತು ಮನೆಯೆಲ್ಲಾ ಓಡಾಡಿದರು. "ನಾನು ಏಳ್ಳಿಲ್ವಾ? ನಾನು ಏಳ್ಳಿಲ್ವಾ?" ಎಂದು ಕಂಬಕ್ಕೂ ಹೇಳಿದರು. ಹತ್ತು ಸಾವಿರಕ್ಕೆ ಒಪ್ಪುವುದೇ ಸರಿ ಎಂದು ನಾನಂದೆ, ಐದು ವರ್ಷ ಕಟ್ಟಿದ ಕಂದಾಯವಾದರೂ ಬಂತಲ್ಲ ಎಂದು. ಇವರು ಅವ್ವನ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತರು.

"ಅವ್ವಾ, ಕೊಟ್ಬುಡಾನಾ?"

ಅತ್ತೆ ಎಲೆಗೆ ಸುಣ್ಣ ಸವರುತ್ತಾ ಫೋನಿನ ಕಡೆ ನೋಡಿದರು. "ಆ ಉಡ್ಗ ಇನ್ನೊಂದ್ ಕಿತ ಮಾಡ್ತಾನಾ?"

"ಕೊಡಾಕಿಲ್ಲ ಅಂದ್ರೆ ಮಾಡೇ ಮಾಡ್ತಾನೆ. ಅವ್ನಿಗೆ ಬೇಕಲ್ಲ."

"ಅಂಗಾರೆ ಈಗ್ಲೇ ಬ್ಯಾಡ ಕಣ್ಲಾ," ಅಂದರು ಅತ್ತೆ.

ನಮ್ಮನೆಯವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಅಟ್ಟದ ಏಣಿ ತೆಗೆಸಿದ್ದನ್ನು ಅವರಿಗೆ ಮತ್ತೆ ನೋಡಿದ ಹಾಗಾಗಿತ್ತು.

ಅಲ್ಲಿಂದ ನಮ್ಮ ಮನೆಯ ನೆಮ್ಮದಿ ಹೋಯಿತು. ಗಿರಿಧರ ವಾರಕ್ಕೊಂದು ಸಲ ಫೋನು ಮಾಡುವನು. ಎತ್ತಿದ ತಕ್ಷಣ ಅದೇ ಹೆಸರು, ಫುಡ್ಸ್, ನಮಸ್ಕಾರ. ಹತ್ತು ಹದಿನೈದಾಯಿತು, ಇಪ್ಪತ್ತೈದಾಯಿತು. ಪ್ರತಿ ಸಲವೂ ಅತ್ತೆಯದು ಒಂದೇ ಮಾತು, ಈಗಲೇ ಬೇಡ. ಮೊದಲು ಕಂಬಕ್ಕೆ ಒರಗಿ ಕೂರುತ್ತಿದ್ದವರು ತಮ್ಮ ಚಾಪೆಯನ್ನು ಫೋನಿನ ಸ್ಟೂಲಿನ ಪಕ್ಕಕ್ಕೆ ಎಳೆದುಕೊಂಡರು. ಮುದುಕಿಗೆ ದುಡ್ಡಿನ ಆಸೆ ಎಷ್ಟು ನೋಡು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳದೆ ತಂಗಿಗೂ ಹೇಳಿದೆ.

ನಮ್ಮನೆಯವರು ಬಾಲ ಸುಟ್ಟ ಬೆಕ್ಕಿನ ಹಾಗೆ ಆದರು. ತಟ್ಟೆಯ ಮುಂದೆ ಕೂತು ಎರಡು ತುತ್ತಿಗೆ ಏಳುವರು. ಪಾಠ ಮಾಡುವಾಗಲೂ ಅದೇ ಧ್ಯಾನವಂತೆ, ಬ್ಯಾಲೆನ್ಸ್ ಶೀಟಿನಲ್ಲಿ ಗುಡ್‌ವಿಲ್, ಅಂದರೆ ಹೆಸರಿಗಿರುವ ಬೆಲೆ, ಎಂದು ಬರೆದು, ಬೋರ್ಡಿನ ಮುಂದೆ ಹಾಗೇ ನಿಂತುಬಿಟ್ಟರಂತೆ. ಭಾನುವಾರ ಬಂತೆಂದರೆ ಕೈಚೀಲ ಹಿಡಿದು ಹೊರಡುವರು. ಅರಕಲಗೂಡಿನ ಸಂತೆಬೀದಿ, ಚನ್ನರಾಯಪಟ್ಟಣದ ದಿನಸಿ ಅಂಗಡಿಗಳು, ಹಾಸನದ ಕಟ್ಟಿನಕೆರೆ ಮಾರ್ಕೆಟ್ಟು, ಎಲ್ಲ ಕಡೆ ತಿರುಗಿ ಆ ಕಂಪನಿಯ ಪ್ಯಾಕೆಟ್ಟುಗಳು ಎಷ್ಟು ಸರ ನೇತಾಡುತ್ತಿವೆ, ಅಂಗಡಿಯವನು ಎಷ್ಟು ದಿನಕ್ಕೆ ಹೊಸ ಸರ ತರಿಸುತ್ತಾನೆ ಎಂದು ವಿಚಾರಿಸುವರು. ಪುಡಿ ಹೆಚ್ಚು ಖರ್ಚಾದಷ್ಟೂ ಹೆಸರಿನ ಬೆಲೆ ಹೆಚ್ಚು ಎಂಬುದು ಅವರ ಲೆಕ್ಕ. ಸುಮ್ಮನೆ ವಿಚಾರಿಸಿದರೆ ಅಂಗಡಿಯವನು ಮುಖ ಗಂಟು ಹಾಕುತ್ತಾನಲ್ಲ, ಅದಕ್ಕೆ ಒಂದೊಂದು ಅಂಗಡಿಯಲ್ಲಿ ಒಂದೊಂದು ಪ್ಯಾಕೆಟ್ ಕೊಂಡುಕೊಂಡು ಬಂದರು. ಮನೆಯಲ್ಲಿ ನಾನು ಕುಟ್ಟಿಟ್ಟ ಹುಳಿಪುಡಿ ಡಬ್ಬದ ತುಂಬಾ ಇದೆ, ಇವರು ಊರ ಪುಡಿಯೆಲ್ಲ ತಂದು ಸುರಿದರೆ ನನ್ನ ಮೈ ಉರಿಯದೆ ಇರುತ್ತದೆಯೇ?

ಅಂಥ ಒಂದು ಪ್ಯಾಕೆಟ್ಟನ್ನು ಅತ್ತೆ ಕೈಗೆ ತೆಗೆದುಕೊಂಡು ಮೇಲಿನ ದೊಡ್ಡ ಅಕ್ಷರದ ಮೇಲೆ ಬೆರಳಾಡಿಸಿದರು. "ಇದ್ರಾಗೆ ಯೇನಂತ ಬರ್ದವ್ರೆ, ಓದವ್ವ."

"ನಿಮ್ಮ ಹೆಸರೇ ಅತ್ತೆ," ಅಂದೆ ಒಗ್ಗರಣೆ ಕಡೆ ನೋಡುತ್ತಾ.

ಅವರು ಇನ್ನೂ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಪ್ಯಾಕೆಟ್ಟನ್ನು ಗೂಡಿನಲ್ಲಿಟ್ಟು ಹಿತ್ತಲಿಗೆ ಹೋದರು.

ಮಾರ್ಚ್‌ನಲ್ಲಿ ಮಗಳು ಅನುಶ್ರೀಯನ್ನು ನೋಡಲು ಹಾಸನಕ್ಕೆ ಹೋಗಿದ್ದೆವು, ಅವಳು ಅಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಬರುವಾಗ ಇವರು ನನ್ನನ್ನೂ ಪ್ರದ್ಯುಮ್ನನ ಸೆಂಟರಿಗೆ ಎಳೆದುಕೊಂಡು ಹೋದರು. ಪ್ರದ್ಯುಮ್ನ ಕುರ್ಚಿ ಒರೆಸಿ ಕೊಟ್ಟ.

"ಅತ್ತಿಗೆ, ನೀವು ಓನರ್ರು, ನೀವೂ ಕೇಳಿಸ್ಕೋಬೇಕು. ಹೊಲ ಮಾರೋದಾದ್ರೆ ಪಕ್ಕದ ಹೊಲ ಎಷ್ಟಕ್ಕೆ ಹೋಯ್ತು ಅಂತ ಕೇಳಬಹುದು. ಇದಕ್ಕೆ ಪಕ್ಕದ ಹೊಲ ಇಲ್ಲ. ಇನ್ನೊಬ್ಬ ಗಿರಾಕಿನೂ ಇಲ್ಲ. ಈ ಹೆಸರು ಸಿಗದೇ ಇದ್ರೆ ಅವನಿಗೆ ಎಷ್ಟು ತೊಂದ್ರೆ, ಅಷ್ಟೇ ಇದರ ಬೆಲೆ."

"ಅದು ಎಷ್ಟು ಅಂತ ನಮಗೆ ಹೇಗೆ ಗೊತ್ತಾಗಬೇಕು?" ಅಂದೆ.

"ಅದೇ ತಾನೆ ಕಷ್ಟ. ಆದ್ರೆ ಯಾವಾಗ ಅನ್ನೋದು ಗೊತ್ತು. ಬೆಂಗಳೂರಲ್ಲಿ ವಿಚಾರಿಸಿದೆ, ಜೂನ್‌ಗೆ ಹೊಸ ಪ್ಯಾಕೆಟ್ ಅಚ್ಚು ಹಾಕಿಸ್ತಾನಂತೆ. ಅದರ ಮೇಲೆ ವೆಬ್‌ಸೈಟ್ ಹೆಸರು ಬರಬೇಕು. ನಾವು ಕೊಡ್ಲಿಲ್ಲ ಅಂದ್ರೆ ಹಿಂದೆ ಮುಂದೆ ಏನಾದ್ರೂ ಸೇರಿಸ್ಕೊಂಡು ಬೇರೆ ಹೆಸರು ಹಾಕಿಸ್ತಾನೆ. ಒಂದ್ಸಲ ಅಚ್ಚಾಯ್ತೋ, ಮಾರನೇ ದಿನಕ್ಕೆ ನಮ್ಮದು ಸೊನ್ನೆ. ಅಚ್ಚಿನ ಹಿಂದಿನ ದಿನಕ್ಕೆ ಜಾಸ್ತಿ ಬೆಲೆ, ಮರುದಿನಕ್ಕೆ ಏನೂ ಇಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ನಮ್ಮನೆಯವರು ಕಿಟಕಿಯ ಕಂಬಿಯನ್ನು ಬೆರಳಲ್ಲಿ ಬಡಿಯುತ್ತಲೇ ಇದ್ದರು. ಎದುರಿನ ಸೀಟಿನ ಹೆಂಗಸು ತಿರುಗಿ ನೋಡಿದಳು. "ಅವ್ವನಿಗೆ ಈ ಜೂನಿನ ಇಷ್ಯ ಯಂಗೆ ತಿಳೀತು ಅಂತೀನಿ? ನಾವ್ಯಾರೂ ಏಳೇ ಇಲ್ಲ. ಆದ್ರೂ ತಡೆದು ಇಟ್ಕಂಡವ್ಳೆ," ಅಂದರು. ನನಗೂ ಒಂದು ಗಳಿಗೆ ಹೌದೇನೋ ಅನ್ನಿಸಿತು. ಅವರ ಚಡಪಡಿಕೆ ನನಗೂ ಅಂಟಿಕೊಂಡಿತು. ಫೋನು ಬಡಿದುಕೊಂಡರೆ ಸಾಕು, ಒಲೆಯ ಮೇಲಿನದು ಬಿಟ್ಟು ಓಡುತ್ತಿದ್ದೆ.

ಏಪ್ರಿಲ್‌ನಲ್ಲಿ ಎಲೆಕ್ಷನ್. ಅತ್ತೆ ಒಂದು ಎಲೆಕ್ಷನ್ನನ್ನೂ ತಪ್ಪಿಸಿದವರಲ್ಲ. ಯಾವ ಪಾರ್ಟಿ, ಯಾರು ನಿಂತಿದ್ದಾರೆ ಎಂಬ ಗೊಡವೆ ಅವರಿಗಿಲ್ಲ. ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಒಳ್ಳೆಯ ಸೀರೆ ಉಟ್ಟು, ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಂತಿರಬೇಕು. ಆ ಸಲ ನಾನು ಜೊತೆಗೆ ಹೋದೆ. ಮತಗಟ್ಟೆಯ ಮೇಷ್ಟ್ರು ಪಟ್ಟಿ ನೋಡಿ ಅತ್ತೆಯ ಹೆಸರನ್ನು ಗಟ್ಟಿಯಾಗಿ ಓದಿದರು.

"ಆಂ?" ಅಂದರು ಅತ್ತೆ. "ಕೇಳಿಸ್ನಿಲ್ಲ ಸಾ."

ಮೇಷ್ಟ್ರು ಇನ್ನೊಂದು ಸಲ ಓದಿದರು. ಅತ್ತೆ ಕತ್ತು ಮುಂದೆ ಚಾಚಿದರು. ಹಿಂದೆ ನಿಂತವರು ಲೊಚಗುಟ್ಟಿದರು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಹಿತ್ತಲಲ್ಲಿ ತೆಂಗಿನ ಗರಿ ಬಿದ್ದರೆ ಒಳಗಿನಿಂದ ಹೇಳುವಂಥ ಕಿವಿ ಅವರದು. ಮೇಷ್ಟ್ರು ಮೂರನೇ ಸಲ ಓದಿದಾಗ "ಊಂ, ನಾನೇಯಾ," ಎಂದು ಬೆರಳು ನೀಡಿದರು. ಮನೆಗೆ ಬರುವ ದಾರಿಯಲ್ಲಿ ಆ ಶಾಯಿ ಹಚ್ಚಿದ ಬೆರಳನ್ನು ನೋಡಿಕೊಂಡು ಏನೋ ಗುನುಗುತ್ತಿದ್ದರು.

ಮೇ ತಿಂಗಳ ಕೊನೆಗೆ ಗಿರಿಧರ ಅರವತ್ತು ಸಾವಿರಕ್ಕೆ ಬಂದು ನಿಂತ. ಅವನ ದನಿಯಲ್ಲಿ ಮೊದಲಿನ ನಯ ಇರಲಿಲ್ಲ.

"ಸರ್, ಇದೇ ಕೊನೆ. ಶುಕ್ರವಾರ ಮಧ್ಯಾಹ್ನ ಪ್ಯಾಕೆಟ್ ಪ್ರೆಸ್‌ಗೆ ಹೋಗುತ್ತೆ. ಆವತ್ತು ಬೆಳಗ್ಗೆ ಹನ್ನೊಂದಕ್ಕೆ ಫೋನ್ ಮಾಡ್ತೀನಿ. ಹೂಂ ಅಂದ್ರೆ ಹೂಂ. ಇಲ್ಲ ಅಂದ್ರೆ ನಾನು ಬೇರೆ ಹೆಸರು ನೋಡ್ಕೋತೀನಿ, ಇನ್ನು ನಿಮಗೆ ತೊಂದ್ರೆ ಕೊಡಲ್ಲ."

ಅವತ್ತು ಬುಧವಾರ. ನಮ್ಮನೆಯವರು ಅವ್ವನ ಕಾಲು ಹಿಡಿಯುವುದೊಂದು ಬಾಕಿ. ಪ್ರದ್ಯುಮ್ನ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದರು. ಇದು ಕೊಬ್ಬರಿ ಅಲ್ಲ, ಅಟ್ಟದ ಮೇಲೆ ಇಟ್ಟರೆ ಗಟ್ಟಿಯಾಗುವುದಿಲ್ಲ, ಶುಕ್ರವಾರ ಕಳೆದರೆ ಕಾಸಿಗೂ ಬೇಡ ಎಂದರು. ಅತ್ತೆ ಎಲ್ಲ ಕೇಳಿಸಿಕೊಂಡು, "ಮುಂದುಲ್ ತಿಂಗ್ಳು ನೋಡಾನ ಕಣಪ್ಪ," ಅಂದರು. ನಮ್ಮನೆಯವರು ಎದ್ದವರೇ ಚಪ್ಪಲಿ ಮೆಟ್ಟಿ ಹೊಳೆಯ ಕಡೆಗೆ ಹೊರಟರು. ಅವ್ವನಿಗೆ ಎದುರಾಡಿ ಅಭ್ಯಾಸವಿಲ್ಲ, ಸಿಟ್ಟು ತಡೆದುಕೊಳ್ಳಲು ಬೇರೆ ದಾರಿ ಗೊತ್ತಿಲ್ಲ.

ನನಗೆ ಆ ಕಟ್ಟುಪಾಡಿಲ್ಲ. ಗುರುವಾರ ಅವರು ಕಾಲೇಜಿಗೆ ಹೋದ ಮೇಲೆ ಹಿತ್ತಲಿಗೆ ಹೋದೆ. ಅತ್ತೆ ತೆಂಗಿನ ಮರದ ನೆರಳಿನಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನೂ ಎದುರಿಗೆ ಕೂತೆ.

"ಅತ್ತೆ, ಇನ್ನೂ ಎಷ್ಟು ಬರಲಿ ಅಂತ ಕಾಯ್ತಾ ಇದ್ದೀರಿ? ಒಂದ್ಸಲ ಹೇಳಿಬುಡಿ. ನಿಮ್ಮ ಮಗ ಹೊಟ್ಟೆ ತುಂಬ ಉಂಡು ಎಷ್ಟು ದಿನ ಆಯ್ತು, ನೋಡಿದ್ದೀರಾ?"

"ದುಡ್ಡಿಕ್ಕಂಡು ನಾನೇನ್ ಮಾಡಾನವ್ವ?"

"ಮತ್ತೆ?"

ಬೀಜವೊಂದು ಸಿಡಿದು ನನ್ನ ಸೆರಗಿಗೆ ಬಿತ್ತು. ಅವರು ಅದನ್ನು ಎತ್ತಿ ಮೊರಕ್ಕೆ ಹಾಕಿದರು. "ಮಾರ್ಬುಟ್ರೆ ಆ ಉಡ್ಗ ಇನ್ ಫೋನ್ ಮಾಡಾಕಿಲ್ವಲ್ಲ."

"ಅವನ್ಯಾಕೆ ಮಾಡ್ತಾನೆ? ಅವನ ಕೆಲಸ ಮುಗೀತಲ್ಲ."

"ಅದೇ ಕಣವ್ವ," ಅಂದರು ಅತ್ತೆ. "ನಮ್ಮಣ್ಣ ಓದ್ಮ್ಯಾಕೆ ನನ್ನ ಯೆಸ್ರಿಡ್ದು ಕರ್ದೋರು ಯಾರವ್ರೆ ಯೇಳು? ಅವ ಅವ್ವ ಅಂತಾನೆ, ನೀನು ಅತ್ತೆ ಅಂತೀಯ, ಬೀದೀಲಿ ಅಜ್ಜಿ ಅಂತಾರೆ. ಯೆಲ್ಲಾ ಸರೀನೇ, ಬ್ಯಾಡ ಅನ್ನಾಕಿಲ್ಲ. ನಂಗೂ ಒಂದ್ ಯೆಸ್ರಿತ್ತು ಅನ್ನಾದು ನಂಗೇ ಮರ್ತೋಗಿತ್ತು. ಆ ಮಗ ಫೋನ್ನಾಗೆ ಬಂದೇಟ್ಗೆ ಅಂತಾನಲ್ಲ, ಅದ್ನ ಕೇಳುದ್ರೆ ಯಾರೋ ನಮ್ಮೋರು ಗೇಟ್ತಾವ ನಿಂತ್ಕಂಡು ಕರ್ದಂಗಾಯ್ತದೆ."

ನಾಲ್ಕು ತಿಂಗಳು ನಾವು ಬೆಲೆ ಕಟ್ಟಿದ್ದೇ ಕಟ್ಟಿದ್ದು, ಸರ ಎಣಿಸಿದ್ದೇ ಎಣಿಸಿದ್ದು. ಮತಗಟ್ಟೆಯಲ್ಲಿ ಚಾಚಿದ ಕತ್ತು, ಗೂಡಿನಲ್ಲಿ ಇಟ್ಟ ಪ್ಯಾಕೆಟ್ಟು, ಫೋನಿನ ಹತ್ತಿರ ಎಳೆದುಕೊಂಡ ಚಾಪೆ ಎಲ್ಲ ಒಟ್ಟಿಗೆ ನೆನಪಾದವು. ದುಡ್ಡಿನಾಸೆಯ ಮುದುಕಿ ಎಂದು ತಂಗಿಯ ಹತ್ತಿರ ಆಡಿದ ನನ್ನ ಬಾಯಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಯ್ಯೋ ಅನ್ನಿಸಿತು. ಆ ಹೆಸರನ್ನು ಅಲ್ಲೇ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಹೊರಡಲಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ ಬಿಡಲಿಲ್ಲ.

ಅತ್ತೆಯೇ ಮೊರ ಎತ್ತಿಕೊಂಡು ಎದ್ದರು. "ಕೊಟ್ಬುಡಿ. ನನ್ ಮಗ ಒದ್ದಾಡಾದು ನೋಡಾಕಾಗಾಕಿಲ್ಲ. ನಾಳೀಕೆ ಊಂ ಅಂದ್ಲು ಅಂತ ಯೇಳು."

ಸಾಯಂಕಾಲ ನಮ್ಮನೆಯವರಿಗೆ ಊಂ ಅಂದದ್ದಷ್ಟೇ ಹೇಳಿದೆ. ಉಳಿದದ್ದು ಹೇಳಲಿಲ್ಲ. ಅವರು ತೊಡೆ ತಟ್ಟಿಕೊಂಡರು. "ನೋಡ್ದಾ? ಕಡೇ ದಿನದ ತನಕ ಬಿಗಿಹಿಡಿದು ಅದೇ ದಿನ ಬಿಟ್ಲು! ಹತ್ತನ್ನ ಅರವತ್ತು ಮಾಡಿದ್ಲು!" ಎಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು.

ಶುಕ್ರವಾರ ಅರ್ಧ ದಿನ ರಜ ಹಾಕಿ ಒಂಬತ್ತು ಗಂಟೆಯಿಂದಲೇ ಫೋನಿನ ಮುಂದೆ ಅಡ್ಡಾಡತೊಡಗಿದರು. ಅತ್ತೆ ಚಾಪೆಯ ಮೇಲೆ ಕೂತಿದ್ದರು, ಒಳ್ಳೆಯ ಸೀರೆ ಉಟ್ಟಿದ್ದರು. ಹನ್ನೊಂದಕ್ಕೆ ಸರಿಯಾಗಿ ಫೋನು ಬಂತು. ಆ ಹೆಸರು ಕೊನೆಯ ಸಲ ನಡುಮನೆಗೆ ಕೇಳಿಸಿತು, ಫುಡ್ಸ್, ನಮಸ್ಕಾರ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ನಮ್ಮನೆಯವರು ಒಪ್ಪಿಗೆ ಎಂದರು. ಆದರೆ ಗಿರಿಧರ ಬಿಡಲಿಲ್ಲ.

"ಸರ್, ತಪ್ಪು ತಿಳ್ಕೋಬೇಡಿ. ದಾಖಲೆಯಲ್ಲಿ ಓನರ್ ಮೇಡಂ. ನನ್ನ ಪಾರ್ಟ್ನರ್ ಪಕ್ಕದಲ್ಲೇ ಕೂತಿದ್ದಾರೆ, ಡಿಡಿ ಕಳಿಸೋದು ಅವರು. ಯಾವ ಹೆಸರನ್ನ ಎಷ್ಟಕ್ಕೆ ಕೊಡ್ತಾ ಇದ್ದೀರಿ ಅಂತ ಮೇಡಂ ಬಾಯಲ್ಲೇ ಒಂದು ಮಾತು ಬಂದುಬಿಡಲಿ."

ರಿಸೀವರ್ ನನ್ನ ಕೈಗೆ ಬಂತು. "ಅದೇ ಹೆಸರು. ಅರವತ್ತು ಸಾವಿರ," ಅಂದೆ.

"ಯಾವುದು ಅಂತ ಹೇಳಿ ಮೇಡಂ."

"ನಮ್ಮತ್ತೆ ಹೆಸರು."

ಆ ಕಡೆ ಇನ್ನೊಂದು ದನಿ ಏನೋ ಗೊಣಗಿತು. ನಮ್ಮನೆಯವರು ಕೈ ಕೈ ಹಿಸುಕಿಕೊಳ್ಳುತ್ತಾ "ಏಳೇ, ಏಳೇ," ಎಂದು ತುಟಿ ಆಡಿಸಿದರು. ನಾನು ಅತ್ತೆಯ ಕಡೆ ನೋಡಿದೆ. ಅವರು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು.

"ಯೇಳವ್ವ," ಅಂದರು. "ನಾನೇ ಅಂತಿವ್ನಿ."

"ಹೊನ್ನಕ್ಕ," ಅಂದೆ. ದನಿ ನನ್ನದೇ ಅಲ್ಲವೇನೋ ಅನ್ನಿಸಿತು. "ಹೊನ್ನಕ್ಕ ಡಾಟ್ ಕಾಮ್."

"ಥ್ಯಾಂಕ್ಸ್ ಮೇಡಂ," ಅಂದ ಗಿರಿಧರ. ವ್ಯಾಪಾರ ಮುಗಿಯಿತು.

ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಂಡು ಮಗನನ್ನು ಕೇಳಿದರು. "ಯೆಲ್ಲಾ ಕೊಟ್ಬುಟ್ರಾ? ಒಂದಿಡಿನೂ ಉಳಿಸ್ಕನಿಲ್ವಾ?"

"ಅದೇನ್ ಭತ್ತನಾ ಅವ್ವಾ, ಇಡಿ ಉಳಿಸ್ಕಳಾಕೆ!" ನಮ್ಮನೆಯವರು ನಗುತ್ತಾ ಪ್ರದ್ಯುಮ್ನನಿಗೆ ಫೋನು ತಿರುಗಿಸಿದರು.

ಡಿಡಿ ಬಂತು. ನಮ್ಮನೆಯವರು ಹಾಸನಕ್ಕೆ ಹೋಗಿ ಕಂಪ್ಯೂಟರಿನಲ್ಲಿ ಮಾಡಬೇಕಾದ್ದು ಮಾಡಿ ಹೆಸರನ್ನು ದಾಟಿಸಿದರು. ಅವ್ವನ ಲೆಕ್ಕಾಚಾರದ ಕತೆಯನ್ನು ಸ್ಟಾಫ್ ರೂಮಿನಲ್ಲಿ ಇವತ್ತಿಗೂ ಹೇಳುತ್ತಾರೆ, ನಾನು ತಿದ್ದಲು ಹೋಗಿಲ್ಲ. ಆಮೇಲೆ ಫೋನು ಸುಮ್ಮನಾಯಿತು. ಅಪರೂಪಕ್ಕೆ ಬಡಿದುಕೊಂಡರೆ ಅತ್ತೆ ಕಿವಿ ನೆಟ್ಟಗೆ ಮಾಡುವರು. ಅನುಶ್ರೀಯೋ, ನನ್ನ ತಂಗಿಯೋ ಆಗಿರುತ್ತಿತ್ತು. ಒಂದು ದಿನ ನೋಡುತ್ತೇನೆ, ಚಾಪೆ ಹಳೆಯ ಕಂಬದ ಹತ್ತಿರ ಹೋಗಿದೆ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಬೆಳಗ್ಗೆಯಿಂದ ಒಲೆಯ ಮುಂದೆ ನಿಂತೆ, ಹಿತ್ತಲಿಗೆ ಹೋದೆ, ಬಂದೆ, ಪಾತ್ರೆ ಕುಕ್ಕಿದೆ. ಯಾಕೆ ಹೀಗೆ ಆಡ್ತೀಯ ಎಂದು ನಮ್ಮನೆಯವರು ಪೇಪರಿನಿಂದ ತಲೆ ಎತ್ತಿ ಕೇಳಿದರು.

ಮಧ್ಯಾಹ್ನ ಮುದ್ದೆ ಕಟ್ಟಿಟ್ಟು, ಸಾರು ಬಡಿಸಿ, ಹಿತ್ತಲ ಬಾಗಿಲಲ್ಲಿ ಬಂದು ನಿಂತೆ. ಅತ್ತೆ ಕೊನೆಯ ತೆಂಗಿನ ಮರದ ಬುಡದಲ್ಲಿ ಗರಿ ಸೀಳುತ್ತಿದ್ದರು.

"ಹೊನ್ನಕ್ಕಾ! ಊಟಕ್ಕೆ ಬನ್ನಿ!"

ಅಷ್ಟು ಗಟ್ಟಿಯಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ನಡುಮನೆಯಲ್ಲಿ ಪೇಪರು ಕೆಳಗೆ ಬಿದ್ದ ಸದ್ದಾಯಿತು. "ಏನೇ ಇದು? ತಲೆಗಿಲೆ ಕೆಟ್ಟೈತಾ? ಅವ್ವನ್ನ ಯೆಸ್ರಿಡ್ದು ಕರೀತಾರಾ?" ಎಂದು ನಮ್ಮನೆಯವರು ಓಡಿ ಬಂದರು.

"ಎಲ್ಲ ಮಾರಿದ್ದು ನೀವು. ಒಂದು ಹಿಡಿ ಉಳಿಸ್ಕೊಂಡವಳು ನಾನು. ಸುಮ್ನೆ ಕೂತ್ಕೊಳ್ಳಿ," ಅಂದೆ.

ಅತ್ತೆಯ ಕೈಯ ಕತ್ತಿ ಗರಿಯ ಮೇಲೇ ನಿಂತಿತ್ತು. ತಿರುಗಲಿಲ್ಲ. ಕತ್ತು ಮಾತ್ರ ಸ್ವಲ್ಪ ಮುಂದೆ ಚಾಚಿತು, ಮತಗಟ್ಟೆಯಲ್ಲಿ ಚಾಚಿದ ಹಾಗೆಯೇ.

"ಆಂ? ಸರ್ಯಾಗ್ ಕೇಳಿಸ್ನಿಲ್ಲ ಕಣವ್ವ," ಅಂದರು. "ಇನ್ನೊಂದ್ ಕಿತ ಕರಿ."

ನಾನು ಕರೆದೆ.

"ಓ," ಅಂದರು ಹೊನ್ನಕ್ಕ. "ಬಂದೆ."